ಕದ್ದು ತೆಗೆದರಷ್ಟೇ ಫೋಟೋ ಸಹಜವಾಗಿ ಬರುತ್ತದೆಯೇ? ಕ್ಯಾಂಡಿಡ್ ಚಿತ್ರಗಳ ಹಿಂದಿನ ವಿಜ್ಞಾನ

ಈಗಿನ ಮದುವೆಗಳಲ್ಲಿ ಇಬ್ಬರು ಫೋಟೋಗ್ರಾಫರ್‌ಗಳು ಇರುವುದು ಸಾಮಾನ್ಯ. ಒಬ್ಬರು ಮಂಟಪದ ಮುಂದೆ ನಿಂತು, "ಸ್ವಲ್ಪ ಈ ಕಡೆ ನೋಡಿ, ಸ್ಮೈಲ್ ಮಾಡಿ" ಎನ್ನುತ್ತಾ ಒಂದೊಂದೇ ಗುಂಪನ್ನು ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ಇನ್ನೊಬ್ಬರು ಯಾರಿಗೂ ಏನೂ ಹೇಳದೆ ಊಟದ ಪಂಕ್ತಿ, ಅಡುಗೆಯವರು, ಆಟವಾಡುವ ಮಕ್ಕಳ ನಡುವೆ ಓಡಾಡುತ್ತಿರುತ್ತಾರೆ. ಈ ಎರಡನೆಯವರು ತೆಗೆಯುವುದೇ ಕ್ಯಾಂಡಿಡ್ ಫೋಟೋ. ಅಂದರೆ ಪೋಸ್ ಕೊಡದೆ, ತಮ್ಮ ಪಾಡಿಗೆ ತಾವಿರುವವರ ಚಿತ್ರ.

ಈ ಬಗೆಯ ಫೋಟೋಗಳ ಸುತ್ತ ಮೂರು ನಂಬಿಕೆಗಳಿವೆ. ಒಂದು, ಪೋಸ್ ಕೊಟ್ಟ ಫೋಟೋ ಸುಳ್ಳು, ಕ್ಯಾಂಡಿಡ್ ಫೋಟೋ ನಿಜ ಎನ್ನುವುದು. ಎರಡು, ಎದುರಿನವರಿಗೆ ಗೊತ್ತಾದ ಕೂಡಲೇ ಸಹಜತೆ ಹೋಗುತ್ತದೆ, ಹಾಗಾಗಿ ಕದ್ದೇ ತೆಗೆಯಬೇಕು ಎನ್ನುವುದು. ಮೂರು, ಬೀದಿಗೆ ಬಂದವರ ಫೋಟೋವನ್ನು ಯಾರು ಬೇಕಾದರೂ ತೆಗೆಯಬಹುದು, ಎಲ್ಲಿಗೆ ಬೇಕಾದರೂ ಹಾಕಬಹುದು ಎನ್ನುವುದು. ಮೂರರಲ್ಲೂ ಸ್ವಲ್ಪ ಸತ್ಯವಿದೆ, ಆದರೆ ಪೂರ್ತಿ ಸತ್ಯವಿಲ್ಲ. ಜೇಬಿನಲ್ಲೇ ಕ್ಯಾಮೆರಾ ಇರುವ ಈ ಕಾಲದಲ್ಲಿ ಈ ತಪ್ಪು ತಿಳಿವಳಿಕೆಗೆ ಬೆಲೆ ತೆರುವವರು ಫೋಟೋ ತೆಗೆಯುವವರಲ್ಲ, ಫೋಟೋದಲ್ಲಿ ಇರುವವರು. ಬನ್ನಿ, ಒಂದೊಂದಾಗಿ ನೋಡೋಣ.

ಮೊದಲ ಕ್ಯಾಂಡಿಡ್ ಚಿತ್ರ ಆಕಸ್ಮಿಕ

ಮನುಷ್ಯರು ಕಾಣಿಸುವ ಅತ್ಯಂತ ಹಳೆಯ ಫೋಟೋ ಎಂದು ಸಾಮಾನ್ಯವಾಗಿ ಗುರುತಿಸುವುದು ಫ್ರಾನ್ಸಿನ ಲೂಯಿ ಡಗೇರ್ 1838ರಲ್ಲಿ ತೆಗೆದ ಪ್ಯಾರಿಸ್ಸಿನ ಬೀದಿಯೊಂದರ ಚಿತ್ರವನ್ನು. ಅದು ಜನ, ಗಾಡಿಗಳಿಂದ ತುಂಬಿದ ರಸ್ತೆ. ಆದರೆ ಚಿತ್ರದಲ್ಲಿ ರಸ್ತೆ ಹೆಚ್ಚುಕಡಿಮೆ ಖಾಲಿ. ಆ ಕಾಲದ ತಂತ್ರದಲ್ಲಿ ಬೆಳಕು ತಟ್ಟೆಯ ಮೇಲೆ ಹಲವು ನಿಮಿಷ ಬೀಳಬೇಕಿತ್ತು. ಹಾಗಾಗಿ ಓಡಾಡುತ್ತಿದ್ದವರು ಯಾರೂ ಅಚ್ಚಾಗಲಿಲ್ಲ. ಬೂಟು ಪಾಲಿಶ್ ಮಾಡಿಸಿಕೊಳ್ಳಲು ಒಂದೇ ಕಡೆ ನಿಂತಿದ್ದ ಒಬ್ಬ ಮನುಷ್ಯ ಮಾತ್ರ ಸ್ಪಷ್ಟವಾಗಿ ಉಳಿದ. ತನ್ನ ಚಿತ್ರ ಮೂಡುತ್ತಿದೆ ಎಂಬುದು ಅವನಿಗೆ ಗೊತ್ತಿರಲಾರದು.

ಹಳೆಯ ಫೋಟೋಗಳಲ್ಲಿ ನಮ್ಮ ಹಿರಿಯರು ಗಂಭೀರವಾಗಿ, ಬೆನ್ನು ನೆಟ್ಟಗೆ ಮಾಡಿ ಕುಳಿತಿರುವುದಕ್ಕೂ ಇದೊಂದು ಕಾರಣ. ಅಲ್ಲಾಡಿದರೆ ಮುಖ ಮಸುಕಾಗುತ್ತಿತ್ತು, ಬಹಳ ಹೊತ್ತು ನಗುವನ್ನು ಹಿಡಿದಿಟ್ಟುಕೊಳ್ಳುವುದೂ ಕಷ್ಟ. ಜೊತೆಗೆ, ಸ್ಟುಡಿಯೋಗೆ ಹೋಗುವುದೆಂದರೆ ಆಗ ಜೀವನದಲ್ಲಿ ಒಂದೆರಡು ಬಾರಿಯ ಮಾತು. ಅಂಥ ಸಂದರ್ಭಕ್ಕೆ ಗಾಂಭೀರ್ಯವೇ ತಕ್ಕದ್ದು ಎಂಬ ಭಾವನೆಯೂ ಇತ್ತು.

1880ರ ದಶಕದ ಹೊತ್ತಿಗೆ ಬೆಳಕನ್ನು ಬೇಗ ಹಿಡಿಯುವ ತಟ್ಟೆಗಳು ಬಂದವು. 1888ರಲ್ಲಿ ಕೊಡಾಕ್ ಕಂಪನಿ ನೂರು ಚಿತ್ರಗಳ ಫಿಲ್ಮ್ ತುಂಬಿದ ಪುಟ್ಟ ಕ್ಯಾಮೆರಾವನ್ನು ಮಾರುಕಟ್ಟೆಗೆ ತಂದಿತು. ಬಟ್ಟೆಯೊಳಗೆ ಬಚ್ಚಿಡುವ ಕ್ಯಾಮೆರಾಗಳೂ ಬಂದವು. ನಾರ್ವೆಯ ಕಾರ್ಲ್ ಸ್ಟರ್ಮರ್ ಎಂಬ ವಿದ್ಯಾರ್ಥಿ 1890ರ ದಶಕದಲ್ಲಿ ಅಂಥದೊಂದು ದುಂಡನೆಯ ಕ್ಯಾಮೆರಾವನ್ನು ಒಳಕೋಟಿನೊಳಗೆ ಕಟ್ಟಿಕೊಂಡು, ಗುಂಡಿಯ ರಂಧ್ರದಿಂದ ಲೆನ್ಸ್ ಇಣುಕುವಂತೆ ಮಾಡಿ, ಇಂದಿನ ಓಸ್ಲೋ ನಗರದ ಬೀದಿಯಲ್ಲಿ ಎದುರಾದವರ ನೂರಾರು ಚಿತ್ರ ತೆಗೆದರು. ನಾಟಕಕಾರ ಹೆನ್ರಿಕ್ ಇಬ್ಸೆನ್ ಕೂಡ ಆ ಚಿತ್ರಗಳಲ್ಲಿದ್ದಾರೆ. ಇದೇ ಸ್ಟರ್ಮರ್ ಮುಂದೆ ಹೆಸರಾಂತ ಗಣಿತಜ್ಞರಾದರು. ಧ್ರುವಪ್ರದೇಶದ ಆಕಾಶದಲ್ಲಿ ಮೂಡುವ ಬಣ್ಣದ ಬೆಳಕನ್ನು ಎರಡು ಬೇರೆ ಬೇರೆ ಜಾಗಗಳಿಂದ ಒಂದೇ ಹೊತ್ತಿಗೆ ಫೋಟೋ ತೆಗೆದು, ಅದು ಎಷ್ಟು ಎತ್ತರದಲ್ಲಿದೆ ಎಂದು ಲೆಕ್ಕ ಹಾಕಿದವರೂ ಇವರೇ.

ಸ್ಟರ್ಮರ್ ಅವರ ಬೀದಿಯ ಚಿತ್ರಗಳಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಅವುಗಳಲ್ಲಿ ಹಲವರು ಮುಗುಳ್ನಗುತ್ತಿದ್ದಾರೆ, ಕೆಲವರು ಟೋಪಿ ಎತ್ತಿ ನಮಸ್ಕರಿಸುತ್ತಿದ್ದಾರೆ. ಅವರು ನೋಡುತ್ತಿದ್ದುದು ಕ್ಯಾಮೆರಾವನ್ನಲ್ಲ, ಪರಿಚಯದ ಹುಡುಗನ ಮುಖವನ್ನು. ಆ ಮುಖಗಳಿಗೆ ಸಹಜತೆ ಬಂದದ್ದು ಕ್ಯಾಮೆರಾ ಮರೆಯಾಗಿದ್ದರಿಂದ ಮಾತ್ರವಲ್ಲ, ಎದುರಿಗಿದ್ದ ಮನುಷ್ಯನಿಂದಲೂ ಹೌದು.

"ಸ್ಮೈಲ್" ಅಂದ ಕೂಡಲೇ ಮುಖ ಏಕೆ ಬಿಗಿಯುತ್ತದೆ?

ಫ್ರಾನ್ಸಿನ ನರವೈದ್ಯ ಗಿಯೋಮ್ ಡುಶೆನ್ 1862ರಲ್ಲಿ ಮುಖದ ಸ್ನಾಯುಗಳ ಕುರಿತು ಪುಸ್ತಕವೊಂದನ್ನು ಪ್ರಕಟಿಸಿದರು. ಮುಖದ ಸ್ನಾಯುಗಳಿಗೆ ಸಣ್ಣ ಪ್ರಮಾಣದ ವಿದ್ಯುತ್ ಹಾಯಿಸಿ, ಯಾವ ಸ್ನಾಯು ಯಾವ ಭಾವವನ್ನು ಮೂಡಿಸುತ್ತದೆ ಎಂದು ಅವರು ಪರೀಕ್ಷಿಸಿ ಫೋಟೋ ತೆಗೆಸಿದ್ದರು. ಚಾರ್ಲ್ಸ್ ಡಾರ್ವಿನ್ 1872ರಲ್ಲಿ ಭಾವಗಳ ಬಗ್ಗೆ ಬರೆದ ಪುಸ್ತಕದಲ್ಲಿ ಈ ಚಿತ್ರಗಳಲ್ಲಿ ಕೆಲವನ್ನು ಬಳಸಿಕೊಂಡರು.

ಡುಶೆನ್ ಕಂಡುಕೊಂಡ ಮುಖ್ಯ ವಿಷಯವಿದು: ನಗುವಿನಲ್ಲಿ ಎರಡು ಸ್ನಾಯುಗಳ ಪಾತ್ರ ದೊಡ್ಡದು. ಒಂದು ತುಟಿಯ ಅಂಚನ್ನು ಮೇಲಕ್ಕೆ ಎಳೆಯುತ್ತದೆ. ಇನ್ನೊಂದು ಕಣ್ಣಿನ ಸುತ್ತ ಇರುವ ಸ್ನಾಯು. ಅದು ಕೆನ್ನೆಯನ್ನು ಮೇಲೆತ್ತಿ ಕಣ್ಣಂಚಿನಲ್ಲಿ ಸುಕ್ಕು ಮೂಡಿಸುತ್ತದೆ. ಮೊದಲನೆಯದನ್ನು ನಾವು ಬೇಕೆಂದಾಗ ಸುಲಭವಾಗಿ ಆಡಿಸಬಲ್ಲೆವು. ಎರಡನೆಯದು ಹೇಳಿದ ಮಾತನ್ನು ಅಷ್ಟು ಸುಲಭವಾಗಿ ಕೇಳುವುದಿಲ್ಲ. ಅದಕ್ಕೇ "ಸ್ಮೈಲ್ ಮಾಡಿ" ಎಂದಾಗ ಬಾಯಿ ನಗುತ್ತದೆ, ಕಣ್ಣು ಸುಮ್ಮನಿರುತ್ತದೆ.

ಇದಕ್ಕೆ ಮೆದುಳಿನಲ್ಲೂ ಆಧಾರವಿದೆ. ಬೇಕೆಂದು ನಗುವುದಕ್ಕೂ, ತಾನಾಗಿ ಬರುವ ನಗುವಿಗೂ ಮೆದುಳಿನಿಂದ ಸಂದೇಶ ಬರುವ ದಾರಿಗಳು ಬೇರೆ ಬೇರೆ. ಪಾರ್ಶ್ವವಾಯುವಾದ ಕೆಲವು ರೋಗಿಗಳಲ್ಲಿ ವೈದ್ಯರು ಇದನ್ನು ಕಾಣುತ್ತಾರೆ. "ಹಲ್ಲು ತೋರಿಸಿ" ಎಂದರೆ ಅವರ ಬಾಯಿಯ ಒಂದು ಬದಿ ಮಾತ್ರ ಚಲಿಸುತ್ತದೆ. ಯಾರಾದರೂ ತಮಾಷೆ ಮಾಡಿದರೆ ಅದೇ ಬಾಯಿ ಎರಡೂ ಬದಿಗೆ ಸಮನಾಗಿ ಅರಳುತ್ತದೆ.

ಇದರ ಜೊತೆಗೆ ಸಮಯದ ಸಮಸ್ಯೆಯೂ ಇದೆ. ನಿಜವಾದ ನಗು ಮೆಲ್ಲಗೆ ಅರಳಿ ಕೆಲವೇ ಸೆಕೆಂಡುಗಳಲ್ಲಿ ಇಳಿಯುತ್ತದೆ. ಗುಂಪು ಫೋಟೋದಲ್ಲಿ ನಿಂತವರು ಫೋಕಸ್ ಸರಿಹೋಗುವವರೆಗೆ, ಕೊನೆಯ ಸಾಲಿನ ಮಾವ ಬಂದು ಸೇರುವವರೆಗೆ ಅದೇ ನಗುವನ್ನು ಹಿಡಿದು ನಿಲ್ಲಬೇಕು. ಅಷ್ಟರಲ್ಲಿ ಅದು ಕೇವಲ ಸ್ನಾಯುಗಳ ಕಸರತ್ತಾಗಿರುತ್ತದೆ.

ಹಾಗೆಂದು ಕಣ್ಣಂಚಿನ ಸುಕ್ಕು ನೋಡಿ ಯಾರ ನಗು ನಿಜ, ಯಾರದು ನಾಟಕ ಎಂದು ತೀರ್ಪು ಕೊಡಲಾಗದು. ಅನೇಕರು ಕಣ್ಣಿನ ನಗುವನ್ನೂ ಬೇಕೆಂದೇ ಮೂಡಿಸಬಲ್ಲರು ಎಂದು ಈಚಿನ ಅಧ್ಯಯನಗಳು ತೋರಿಸಿವೆ.

ಹಾಗಾದರೆ ಕ್ಯಾಂಡಿಡ್ ಫೋಟೋ ನಿಜವೇ?

ಪೋಸ್ ಕೊಟ್ಟ ನಗು ಪೂರ್ತಿ ನಿಜವಲ್ಲ ಎಂದಮಾತ್ರಕ್ಕೆ ಪೋಸ್ ಇಲ್ಲದ ಫೋಟೋ ನಿಜವಾಗಿಬಿಡುವುದಿಲ್ಲ. ಏಕೆಂದರೆ ಫೋಟೋ ಹಿಡಿಯುವುದು ಸೆಕೆಂಡಿನ ಒಂದು ಸಣ್ಣ ಚೂರನ್ನು. ನಮ್ಮ ಕಣ್ಣು ಮುಖವನ್ನು ನೋಡುವುದು ಹಾಗಲ್ಲ. ಅದು ಚಲನೆಯನ್ನು ಒಟ್ಟಾಗಿ ಗ್ರಹಿಸುತ್ತದೆ.

ನೀವು ಯಾರದಾದರೂ ಭಾಷಣದ ವಿಡಿಯೋವನ್ನು ನಡುವೆ ಎಲ್ಲಾದರೂ ನಿಲ್ಲಿಸಿ ನೋಡಿ. ಅರ್ಧ ಮುಚ್ಚಿದ ಕಣ್ಣು, ಸೊಟ್ಟ ತುಟಿ ಕಾಣುವ ಸಾಧ್ಯತೆಯೇ ಹೆಚ್ಚು. ಕ್ಯಾಲಿಫೋರ್ನಿಯಾದ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಅದೇ ಮುಖಗಳು ವಿಡಿಯೋದಲ್ಲಿ ಕಂಡಷ್ಟು ಚೆನ್ನಾಗಿ ಆ ವಿಡಿಯೋದಿಂದ ತೆಗೆದ ಬಿಡಿ ಚಿತ್ರಗಳಲ್ಲಿ ಕಾಣಲಿಲ್ಲ. ಮಾತಾಡುವಾಗ 'ಊ' ಎಂದರೆ ತುಟಿ ಮುಂದಕ್ಕೆ ದುಂಡಗಾಗುತ್ತದೆ, 'ಪ', 'ಬ', 'ಮ' ಎಂದರೆ ಮುಚ್ಚಿಕೊಳ್ಳುತ್ತದೆ. ಆ ಕ್ಷಣ ಕ್ಲಿಕ್ ಆದರೆ ಖುಷಿಯಲ್ಲಿರುವವರೂ ಸಿಟ್ಟಾದಂತೆ ಕಾಣಬಹುದು. ರಾಜಕಾರಣಿಗಳ ವಿಚಿತ್ರ ಮುಖಭಾವದ ಫೋಟೋ ಹಾಕಿ "ನೋಡಿ ಇವರ ನಿಜರೂಪ" ಎನ್ನುವ ಪೋಸ್ಟ್‌ಗಳನ್ನು ನಂಬಬಾರದು ಎನ್ನುವುದಕ್ಕೂ ಇದೇ ಕಾರಣ. ಒಂದು ನಿಮಿಷದ ಸಾಮಾನ್ಯ ವಿಡಿಯೋದಲ್ಲಿ 1,800 ಚಿತ್ರಗಳಿರುತ್ತವೆ. ಅವುಗಳಲ್ಲಿ ಬೇಕಾದ ಭಾವವನ್ನು ಆರಿಸಿಕೊಳ್ಳುವುದು ಕಷ್ಟವೇನಲ್ಲ.

ಇನ್ನು ಕಣ್ಣು ಮಿಟುಕಿಸುವುದು. ದೊಡ್ಡವರು ನಿಮಿಷಕ್ಕೆ ಸುಮಾರು 15ರಿಂದ 20 ಬಾರಿ ರೆಪ್ಪೆ ಬಡಿಯುತ್ತಾರೆ. ಒಂದು ಬಾರಿಗೆ ಕಾಲು ಸೆಕೆಂಡು ಎಂದುಕೊಂಡರೂ, ನಿಮಿಷದಲ್ಲಿ ಸುಮಾರು 4 ಸೆಕೆಂಡು ನಮ್ಮ ಕಣ್ಣು ಪೂರ್ತಿ ತೆರೆದಿರುವುದಿಲ್ಲ. ಒಬ್ಬರಾದರೆ ತೊಂದರೆಯಿಲ್ಲ. ಹತ್ತು ಜನರಿದ್ದರೆ, ಒಂದೇ ಕ್ಲಿಕ್‌ನಲ್ಲಿ ಎಲ್ಲರ ಕಣ್ಣೂ ತೆರೆದಿರುವ ಸಾಧ್ಯತೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಇಪ್ಪತ್ತು ಜನರಾದರೆ ಸುಮಾರು ಕಾಲು ಭಾಗ. ಆಸ್ಟ್ರೇಲಿಯಾದ ಇಬ್ಬರು ಇದನ್ನೇ ಲೆಕ್ಕ ಹಾಕಿ, ಇಪ್ಪತ್ತಕ್ಕಿಂತ ಕಡಿಮೆ ಜನರ ಗುಂಪಿಗೆ ಒಳ್ಳೆಯ ಬೆಳಕಿನಲ್ಲಿ ಜನರ ಸಂಖ್ಯೆಯನ್ನು ಮೂರರಿಂದ ಭಾಗಿಸಿದಷ್ಟು, ಮಂದ ಬೆಳಕಿನಲ್ಲಿ ಎರಡರಿಂದ ಭಾಗಿಸಿದಷ್ಟು ಫೋಟೋ ತೆಗೆಯಿರಿ ಎಂಬ ಸೂತ್ರ ಕೊಟ್ಟರು. ಮೊದಲು ನಗಿಸಿ ನಂತರ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಮೀಸಲಾದ ಇಗ್ ನೊಬೆಲ್ ಪ್ರಶಸ್ತಿ 2006ರಲ್ಲಿ ಅವರಿಗೆ ಸಿಕ್ಕಿತು.

ದೂರವೂ ಮುಖವನ್ನು ಬದಲಿಸುತ್ತದೆ. ಹತ್ತಿರದಿಂದ ತೆಗೆದಾಗ ಲೆನ್ಸಿಗೆ ಸಮೀಪವಿರುವ ಮೂಗು ದೊಡ್ಡದಾಗಿಯೂ ಕಿವಿ ಚಿಕ್ಕದಾಗಿಯೂ ಕಾಣುತ್ತದೆ. ಒಂದು ಅಡಿ ದೂರದ ಸೆಲ್ಫಿಯಲ್ಲಿ ಮೂಗು, ಐದು ಅಡಿ ದೂರದ ಚಿತ್ರಕ್ಕೆ ಹೋಲಿಸಿದರೆ, ಸುಮಾರು ಶೇ. 30ರಷ್ಟು ಅಗಲವಾಗಿ ಕಾಣಬಹುದು ಎಂದು ಅಮೆರಿಕದ ವೈದ್ಯರು 2018ರಲ್ಲಿ ಪ್ರಕಟಿಸಿದ ಲೆಕ್ಕಾಚಾರ ಹೇಳುತ್ತದೆ.

"ಫೋಟೋದಲ್ಲಿ ನಾನು ನನ್ನ ಹಾಗೆ ಕಾಣುವುದೇ ಇಲ್ಲ" ಎನ್ನುವವರಿಗೂ ಒಂದು ಉತ್ತರವಿದೆ. ನಾವು ದಿನವೂ ನೋಡುವುದು ಕನ್ನಡಿಯಲ್ಲಿನ ಎಡಬಲ ಅದಲುಬದಲಾದ ಮುಖವನ್ನು. 1977ರ ಪ್ರಯೋಗವೊಂದರಲ್ಲಿ ಜನರಿಗೆ ಅವರದೇ ಫೋಟೋವನ್ನು ಎರಡು ರೀತಿ ತೋರಿಸಲಾಯಿತು. ಹೆಚ್ಚಿನವರು ತಮ್ಮ ಕನ್ನಡಿರೂಪವನ್ನು ಮೆಚ್ಚಿದರು. ಅವರ ಸ್ನೇಹಿತರು ಮೆಚ್ಚಿದ್ದು ಸರಿಯಾದ ರೂಪವನ್ನು. ಪರಿಚಿತವಾದದ್ದೇ ಚೆಂದ ಎನ್ನುವುದು ನಮ್ಮ ಮನಸ್ಸಿನ ಗುಣ.

ಕ್ಯಾಂಡಿಡ್‌ನಂತೆ ಕಾಣುವ ಚಿತ್ರ ಕ್ಯಾಂಡಿಡ್ ಆಗಿರದೆಯೂ ಇರಬಹುದು. ಪ್ಯಾರಿಸ್ಸಿನ ಬೀದಿಯಲ್ಲಿ ಜೋಡಿಯೊಂದು ಮುತ್ತಿಡುತ್ತಿರುವ, ರಾಬರ್ಟ್ ದುವಾನೋ 1950ರಲ್ಲಿ ತೆಗೆದ ಚಿತ್ರ ಜಗತ್ಪ್ರಸಿದ್ಧ. ದಶಕಗಳ ಕಾಲ ಜನ ಅದನ್ನು ಬೀದಿಯಲ್ಲಿ ತಾನಾಗಿ ಸಿಕ್ಕ ಕ್ಷಣವೆಂದೇ ನಂಬಿದ್ದರು. 1990ರ ದಶಕದಲ್ಲಿ ವಿಷಯ ನ್ಯಾಯಾಲಯಕ್ಕೆ ಹೋದಾಗ, ನಾಟಕದ ವಿದ್ಯಾರ್ಥಿಗಳಿಬ್ಬರನ್ನು ಕೇಳಿಕೊಂಡು ತೆಗೆದ ಚಿತ್ರವದು ಎಂದು ಅವರೇ ಹೇಳಬೇಕಾಯಿತು.

ಕದಿಯುವುದು ಬೇಕಿಲ್ಲ, ಕಾಯುವುದು ಬೇಕು

ಈಗ ಎರಡನೆಯ ನಂಬಿಕೆಗೆ ಬರೋಣ. ಕ್ಯಾಮೆರಾ ಕಂಡ ಕೂಡಲೇ ಜನ ಸೆರಗು, ಕೂದಲು ಸರಿಮಾಡಿಕೊಳ್ಳುತ್ತಾರೆ ಎನ್ನುವುದು ನಿಜ. ಆದರೆ ಆ ಎಚ್ಚರ ಬಹಳ ಹೊತ್ತು ಉಳಿಯುವುದಿಲ್ಲ. ಮತ್ತೆ ಮತ್ತೆ ಕಾಣುವ, ಅಪಾಯವಿಲ್ಲದ ವಸ್ತುವಿನ ಕಡೆಗೆ ಗಮನ ಕಡಿಮೆಯಾಗುವುದು ಮೆದುಳಿನ ಸ್ವಭಾವ. ಮನೆಯ ಗಡಿಯಾರದ ಟಿಕ್ ಟಿಕ್ ಸದ್ದು ನಮಗೆ ಕೇಳಿಸದೇ ಹೋಗುವುದೂ ಹೀಗೆಯೇ.

ಕ್ಯಾಂಡಿಡ್ ಎಂಬ ಪದ ಫೋಟೋಗ್ರಫಿಗೆ ಅಂಟಿಕೊಂಡದ್ದು ಜರ್ಮನಿಯ ಎರಿಕ್ ಸಾಲೊಮನ್ ಅವರ ಚಿತ್ರಗಳಿಂದ. 1928ರಲ್ಲಿ ಟೋಪಿಯೊಳಗೆ ಕ್ಯಾಮೆರಾ ಬಚ್ಚಿಟ್ಟು ನ್ಯಾಯಾಲಯದ ವಿಚಾರಣೆಯ ಚಿತ್ರ ತೆಗೆದು ಅವರು ಹೆಸರಾದರು. ಆದರೆ ಮುಂದೆ ಯುರೋಪಿನ ನಾಯಕರ ಸಭೆಗಳಲ್ಲಿ ಅವರು ಎಲ್ಲರಿಗೂ ಪರಿಚಿತ ವ್ಯಕ್ತಿ. ಫ್ರಾನ್ಸಿನ ನಾಯಕ ಅರಿಸ್ತೀದ್ ಬ್ರಿಯಾಂ ನಗುನಗುತ್ತಾ ಇವರತ್ತಲೇ ಬೆರಳು ತೋರಿಸುತ್ತಿರುವ 1931ರ ಚಿತ್ರ ಅವರ ಪ್ರಸಿದ್ಧ ಚಿತ್ರಗಳಲ್ಲೊಂದು. ಕ್ಯಾಮೆರಾ ಇದೆಯೆಂದು ಎದುರಿನವರಿಗೆ ಚೆನ್ನಾಗಿ ಗೊತ್ತಿದೆ. ಆದರೂ ಚಿತ್ರ ಜೀವಂತವಾಗಿದೆ.

ನಮ್ಮವರೇ ಆದ ಮೈಸೂರಿನ ಟಿ.ಎಸ್. ಸತ್ಯನ್ (1923–2009) ಸಾಮಾನ್ಯ ಜನರ ದಿನನಿತ್ಯದ ಬದುಕನ್ನು ದಶಕಗಳ ಕಾಲ ಚಿತ್ರಿಸಿದರು. ಅವರು ತೆಗೆದ ಮಕ್ಕಳ ಚಿತ್ರಗಳು 1979ರಲ್ಲಿ, ಅಂತರರಾಷ್ಟ್ರೀಯ ಮಕ್ಕಳ ವರ್ಷದಂದು, ನ್ಯೂಯಾರ್ಕ್‌ನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಗೊಂಡವು. ಅಂಥ ಚಿತ್ರಗಳು ದೂರದಿಂದ ಕದ್ದು ನೋಡಿದರೆ ಸಿಗುವಂಥವಲ್ಲ. ಜನರ ನಡುವೆ ಬೆರೆತವರಿಗೆ ಸಿಗುವಂಥವು.

ಒಳ್ಳೆಯ ಕ್ಯಾಂಡಿಡ್ ಫೋಟೋ ತೆಗೆಯುವುದು ಹೇಗೆ?

ಮೊದಲು ಕ್ಯಾಮೆರಾ ಕಾಣಿಸಲಿ. ಮನೆಯ ಸಮಾರಂಭವಾದರೆ ಆರಂಭದಲ್ಲೇ ನಾಲ್ಕಾರು ಫೋಟೋ ತೆಗೆದು ತೋರಿಸಿಬಿಡಿ. ಹತ್ತು ಹದಿನೈದು ನಿಮಿಷ ಕಳೆದ ಮೇಲೆ ನಿಮ್ಮನ್ನು ಯಾರೂ ಗಮನಿಸುವುದಿಲ್ಲ.

ಕೈಗೆ ಕೆಲಸವಿರುವಾಗ ತೆಗೆಯಿರಿ. ಒಬ್ಬಟ್ಟು ತಟ್ಟುವ ಅಜ್ಜಿ, ಹೂ ಕಟ್ಟುವ ಅಕ್ಕ, ಸೈಕಲ್ ರಿಪೇರಿ ಮಾಡುವ ಹುಡುಗ, ಇವರ ಗಮನ ಕೆಲಸದ ಮೇಲಿರುವುದರಿಂದ ಮುಖ ಸಡಿಲವಾಗಿರುತ್ತದೆ. ಸುಮ್ಮನೆ ನಿಂತವರಿಗೆ ಕೈ ಎಲ್ಲಿಡಬೇಕೆಂಬುದೇ ಚಿಂತೆ.

ಶಟರ್ ವೇಗ ಹೆಚ್ಚಿರಲಿ. ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ನಡೆಯುವವರು ಸೆಕೆಂಡಿನ 60ನೇ ಒಂದು ಭಾಗದಲ್ಲಿ 2 ಸೆಂಟಿಮೀಟರ್‌ಗಿಂತ ಹೆಚ್ಚು ಮುಂದೆ ಹೋಗಿರುತ್ತಾರೆ. 500ನೇ ಒಂದು ಭಾಗದಲ್ಲಾದರೆ 3 ಮಿಲಿಮೀಟರ್‌ಗೂ ಕಡಿಮೆ. ಮೊಬೈಲ್‌ನಲ್ಲಿ ಈ ವೇಗವನ್ನು ನಾವು ಹೊಂದಿಸದಿದ್ದರೂ, ಬೆಳಕು ಹೆಚ್ಚಿದ್ದಷ್ಟೂ ಅದೇ ವೇಗ ಹೆಚ್ಚಿಸಿಕೊಳ್ಳುತ್ತದೆ. ಹಾಗಾಗಿ ಜನರನ್ನು ಕಿಟಕಿ, ಬಾಗಿಲು, ಜಗಲಿಯ ಬೆಳಕಿನ ಬಳಿ ತೆಗೆಯಿರಿ. ಮಂದ ಬೆಳಕಿನಲ್ಲಿ ಮೊಬೈಲ್ ಹಲವು ಚಿತ್ರಗಳನ್ನು ಸೇರಿಸಿ ಒಂದು ಮಾಡುವುದರಿಂದ ಅಲ್ಲಾಡುವ ಕೈಗಳು ಕದಡಿಹೋಗುತ್ತವೆ.

ತೀರಾ ಹತ್ತಿರ ಹೋಗಬೇಡಿ. ನಾಲ್ಕೈದು ಅಡಿ ದೂರವಿದ್ದರೆ ಮುಖದ ಆಕಾರ ಕೆಡುವುದಿಲ್ಲ.

ಒಂದೇ ಕ್ಲಿಕ್‌ಗೆ ನಿಲ್ಲಬೇಡಿ. ಒಂದರ ಹಿಂದೆ ಒಂದರಂತೆ ಹಲವು ತೆಗೆದು, ಕಣ್ಣು ಮುಚ್ಚಿದವು, ತುಟಿ ಸೊಟ್ಟಗಾದವುಗಳನ್ನು ಅಳಿಸಿ. ಯಾವುದನ್ನು ಉಳಿಸುತ್ತೀರಿ ಎನ್ನುವುದೇ ಕ್ಯಾಂಡಿಡ್ ಫೋಟೋದ ಅರ್ಧ ಕೆಲಸ. ಫೋಟೋದಲ್ಲಿರುವವರು ತಾವೇ ನೋಡಿದರೆ ನಾಚಿಕೆಪಡುವಂಥದನ್ನು ಉಳಿಸಬೇಡಿ.

ಬೀದಿಗೆ ಬಂದವರೆಲ್ಲ ಕ್ಯಾಮೆರಾಗೆ ಒಪ್ಪಿದಂತೆಯೇ?

ಮೂರನೆಯ ನಂಬಿಕೆ ಹೆಚ್ಚು ಹಾನಿಕಾರಕ. ನಮ್ಮ ದೇಶದಲ್ಲಿ ಸಾರ್ವಜನಿಕ ಸ್ಥಳದಲ್ಲಿ ಫೋಟೋ ತೆಗೆಯುವುದೇ ಅಪರಾಧ ಎನ್ನುವ ಸಾಮಾನ್ಯ ಕಾನೂನು ಇಲ್ಲ. ಜಾತ್ರೆಯ, ಸಂತೆಯ ಚಿತ್ರ ತೆಗೆದರೆ ಯಾರೂ ನಿಮ್ಮನ್ನು ಜೈಲಿಗೆ ಹಾಕುವುದಿಲ್ಲ. ಆದರೆ ಮಿತಿಗಳಿವೆ.

ಮಹಿಳೆಯೊಬ್ಬರು ಯಾರೂ ನೋಡುತ್ತಿಲ್ಲವೆಂಬ ಭರವಸೆಯಲ್ಲಿರುವ ಖಾಸಗಿ ಸನ್ನಿವೇಶದಲ್ಲಿ ಅವರ ಚಿತ್ರ ತೆಗೆಯುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಡಿ ಅಪರಾಧ. ಅಂಥ ಚಿತ್ರ ತೆಗೆಯಲು ಅವರು ಒಪ್ಪಿದ್ದರೂ, ಹಂಚಲು ಒಪ್ಪಿರದಿದ್ದರೆ ಹಂಚುವುದು ಅಪರಾಧವೇ. ಗಂಡಾಗಲಿ ಹೆಣ್ಣಾಗಲಿ, ಯಾರದೇ ದೇಹದ ಖಾಸಗಿ ಭಾಗದ ಚಿತ್ರವನ್ನು ಒಪ್ಪಿಗೆಯಿಲ್ಲದೆ ತೆಗೆಯುವುದು, ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿನಡಿ ಅಪರಾಧ. ಬೆಂಗಳೂರಿನ ಬೀದಿಗಳಲ್ಲಿ ಮಹಿಳೆಯರನ್ನು ಅವರಿಗೆ ತಿಳಿಯದಂತೆ ಚಿತ್ರೀಕರಿಸಿ ಇನ್‌ಸ್ಟಾಗ್ರಾಮ್‌ಗೆ ಹಾಕಿದ ಪ್ರಕರಣದಲ್ಲಿ 2025ರಲ್ಲಿ ಪೊಲೀಸರು ಒಬ್ಬನನ್ನು ಬಂಧಿಸಿದ್ದೂ ಉಂಟು.

ಈ ಚರ್ಚೆ ಹೊಸದಲ್ಲ. ಕೊಡಾಕ್ ಕ್ಯಾಮೆರಾ ಬಂದ ಎರಡೇ ವರ್ಷಕ್ಕೆ, 1890ರಲ್ಲಿ, ಅಮೆರಿಕದ ವಕೀಲರಾದ ವಾರೆನ್ ಮತ್ತು ಬ್ರಾಂಡೈಸ್ ಖಾಸಗಿತನದ ಹಕ್ಕಿನ ಬಗ್ಗೆ ಲೇಖನ ಬರೆದರು. ಥಟ್ಟನೆ ತೆಗೆಯುವ ಫೋಟೋಗಳು ಜನರ ಖಾಸಗಿ ಬದುಕಿಗೆ ನುಗ್ಗುತ್ತಿವೆ ಎನ್ನುವುದು ಅದರಲ್ಲಿದ್ದ ಆತಂಕಗಳಲ್ಲೊಂದು. ಖಾಸಗಿತನ ಮೂಲಭೂತ ಹಕ್ಕು ಎಂದು ನಮ್ಮ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಕೊಟ್ಟ ತೀರ್ಪಿನಲ್ಲೂ ಆ ಲೇಖನದ ಪ್ರಸ್ತಾಪವಿದೆ. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎನ್ನುವುದನ್ನು ನಾವು ನೆನಪಿಡಬೇಕು.

ಕಾನೂನು ಹಾಕಿದ ಗೆರೆಯೊಳಗಿದ್ದರೂ ತೆಗೆದದ್ದೆಲ್ಲ ಸರಿ ಎಂದಾಗುವುದಿಲ್ಲ. ಆಸ್ಪತ್ರೆಯ ಮುಂದೆ ಅಳುತ್ತಿರುವವರು, ಅಪಘಾತದಲ್ಲಿ ಬಿದ್ದವರು, ಬೀದಿಯಲ್ಲಿ ಮಲಗಿರುವವರು ಫೋಟೋ ಬೇಡವೆನ್ನುವ ಸ್ಥಿತಿಯಲ್ಲಿ ಇರುವುದಿಲ್ಲ. ಬೇಡವೆನ್ನಲಾಗದವರ ಮುಂದೆ ಕ್ಯಾಮೆರಾ ಇಳಿಸುವುದೇ ಸರಿ. ಬೇರೆಯವರ ಮಕ್ಕಳ ಫೋಟೋ ತೆಗೆಯುವ ಮೊದಲು ಅಪ್ಪ ಅಮ್ಮನನ್ನು ಕೇಳಿ. ಮಗುವಿನ ಶಾಲೆ, ಮನೆ ಗೊತ್ತಾಗುವಂಥ ಚಿತ್ರ ಹಂಚಬೇಡಿ.

ಕೇಳುವುದು ಕಷ್ಟವಲ್ಲ. "ಅಕ್ಕಾ, ನೀವು ಹೂ ಕಟ್ಟೋದು ತುಂಬಾ ಚೆನ್ನಾಗಿ ಕಾಣ್ತಿದೆ, ಒಂದು ಫೋಟೋ ತಗೋಬಹುದಾ?" ಎಂದರೆ ಹೆಚ್ಚಿನವರು ನಕ್ಕು ಒಪ್ಪುತ್ತಾರೆ. ಮೊದಲ ಚಿತ್ರದಲ್ಲಿ ಅವರು ನೆಟ್ಟಗೆ ಕೂತು ನೋಡುತ್ತಾರೆ. ಅದನ್ನೂ ತೆಗೆಯಿರಿ, ತೋರಿಸಿ. ನಂತರ ಅವರು ಹೂವಿಗೆ ಮರಳುತ್ತಾರೆ. ನಿಮಗೆ ಬೇಕಾದ ಚಿತ್ರ ಆಗ ಸಿಗುತ್ತದೆ. ಕೆಲವೊಮ್ಮೆ ಮೊದಲೇ ಕೇಳಿದರೆ ಆ ಕ್ಷಣ ಜಾರಿಹೋಗಬಹುದು. ಆಗ ತೆಗೆದ ಮೇಲಾದರೂ ತೋರಿಸಿ. ಬೇಡವೆಂದರೆ ಅವರ ಎದುರೇ ಅಳಿಸಿಬಿಡಿ.

ಫೋಟೋ ತೆಗೆಸಿಕೊಂಡರೆ ಆಯಸ್ಸು ಕಡಿಮೆಯಾಗುತ್ತದೆ ಎಂದು ಹಿಂದೆ ಹಳ್ಳಿಗಳಲ್ಲಿ ಕೆಲವು ಹಿರಿಯರು ಹೆದರುತ್ತಿದ್ದರು. ಕ್ಯಾಮೆರಾ ನಮ್ಮಿಂದ ಏನನ್ನೂ ಹೀರಿಕೊಳ್ಳುವುದಿಲ್ಲ. ನಮ್ಮ ಮೇಲೆ ಬಿದ್ದು ಹಿಂತಿರುಗುವ ಬೆಳಕನ್ನಷ್ಟೇ ಅದು ಹಿಡಿಯುತ್ತದೆ. ಆದ್ದರಿಂದ ಆ ಭಯಕ್ಕೆ ಆಧಾರವಿಲ್ಲ. ಆದರೆ ನನ್ನ ರೂಪ ಇನ್ನೊಬ್ಬರ ಕೈಯಲ್ಲಿದೆ, ಅವರು ಅದನ್ನು ಏನು ಬೇಕಾದರೂ ಮಾಡಬಹುದು ಎನ್ನುವ ಅಳುಕು ಇಂದಿನ ಮೊಬೈಲ್ ಕಾಲದಲ್ಲಿ ಮೂಢನಂಬಿಕೆಯಲ್ಲ. ಆ ಅಳುಕನ್ನು ಹೋಗಲಾಡಿಸಿದರೆ ಎದುರಿನವರ ಮುಖ ತಾನಾಗಿ ಸಡಿಲಗೊಳ್ಳುತ್ತದೆ. ಸಹಜ ಫೋಟೋಗೆ ಬೇಕಾದದ್ದು ಆ ನಂಬಿಕೆಯೇ.